ತುರ್ಭೆಯ ಸ್ಲ್ಯಾಬ್ ಮತ್ತು ಶರಣಪ್ಪ ಮೇಸ್ತ್ರಿ

ಯಾವ ಸ್ಲ್ಯಾಬಿನ ಮೇಲೆ ಕಾಲಿಡುವುದಿದ್ದರೂ ಶರಣಪ್ಪ ಮೇಸ್ತ್ರಿ ಮೊದಲು ಚಪ್ಪಲಿ ಬಿಡುತ್ತಿದ್ದರು. ಮೇ ತಿಂಗಳ ಬಿಸಿಲಿಗೆ ಕಾಂಕ್ರೀಟು ಕಾದ ಹಂಚಿನಂತಿದ್ದರೂ ಅಷ್ಟೇ. "ಬರಿಗಾಲಿಗೆ ತಿಳೀತೈತಿ, ಬೂಟಿಗೆ ತಿಳಿಯಂಗಿಲ್ಲ" ಎಂದು ನನ್ನ ಹೊಸ ಸೇಫ್ಟಿ ಶೂ ನೋಡಿ ನಗುತ್ತಿದ್ದರು.

ವಿಜಯಪುರದ ಕಡೆಯವರು. ಊರು ಬಿಟ್ಟು ಬಂದು, ತುರ್ಭೆಯಲ್ಲಿ ನಮ್ಮದೇ ಗಲ್ಲಿ ಸೇರಿದ್ದರು. ನನ್ನಪ್ಪ ಮಾರ್ಕೆಟ್ಟಿನಲ್ಲಿ ಮೂಟೆ ಹೊರುತ್ತಿದ್ದ ಕಾಲದಿಂದ ಗೆಳೆಯರು. ನಾನು ಸಿವಿಲ್ ಎಂಜಿನಿಯರಿಂಗ್ ಮುಗಿಸಿದಾಗ ಗಲ್ಲಿಗೆಲ್ಲ ಪೇಢೆ ಹಂಚಿದವರು ಅವರೇ. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವಳು ನಾನೇ ಮೊದಲು. ಆ ಹೆಮ್ಮೆ ಇವತ್ತಿಗೂ ಇದೆ, ಮುಚ್ಚಿಡುವುದಿಲ್ಲ. ಆದರೆ ಅದೇ ಹೆಮ್ಮೆ ಒಮ್ಮೆ ನನ್ನನ್ನು ಬೀಳಿಸುವುದರಲ್ಲಿತ್ತು.

ತುರ್ಭೆಯಲ್ಲಿ ಒಂದು ಹಳೆಯ ಗೋಡೌನ್. ಗೋಡೆ, ತಗಡು ಹೋಗಿ ನೆಲದ ಸ್ಲ್ಯಾಬ್ ಮಾತ್ರ ಉಳಿದಿತ್ತು. ಉಡುಪಿ ಕಡೆಯ ಹೋಟೆಲ್ ಮಾಲೀಕ ಭಟ್ಟರು ಜಾಗ ಕೊಂಡು, ಅದರ ಮೇಲೆಯೇ ಎರಡು ಮಹಡಿ ಎಬ್ಬಿಸಬೇಕೆಂದಿದ್ದರು: ಕೆಳಗೆ ಅಡುಗೆಮನೆ, ಮೇಲೆ ಕೆಲಸದವರಿಗೆ ವಸತಿ. ಕಟ್ಟುವ ಕೆಲಸ ಮೇಸ್ತ್ರಿಗೆಂದು ಮಾತಾಗಿತ್ತು. ಆ ಭಾರವನ್ನು ಸ್ಲ್ಯಾಬ್ ತಡೆಯುತ್ತದೆಯೇ ಎಂದು ಬರೆದುಕೊಡುವುದು ನನ್ನ ಪಾಲಿನದು. ಮೂರು ಕಡೆ ಕೊರೆಸಿ ಕಾಂಕ್ರೀಟಿನ ತುಂಡು ತೆಗೆಸಿದೆ. ಲ್ಯಾಬಿನವರು ಗಟ್ಟಿ ಇದೆ ಎಂದರು. ವರ್ಷಗಟ್ಟಲೆ ಲಾರಿ ನಿಂತ ನೆಲ, ಮಣ್ಣಿನ ಪರೀಕ್ಷೆ ಏಕೆ ಅಂದುಕೊಂಡೆ. ನಾನು ತುಂಡು ನೋಡಿದೆ, ತೂತು ನೋಡಲಿಲ್ಲ. "ತಡೆಯುತ್ತದೆ" ಎಂದು ರಿಪೋರ್ಟ್ ಟೈಪು ಮಾಡಿ ತಂದೆ. ಸಹಿ ಒಂದೇ ಬಾಕಿ.

ಅವತ್ತು ಭಟ್ಟರ ಜೊತೆ ಬಂದ ಮೇಸ್ತ್ರಿ ಚಪ್ಪಲಿ ಬಿಡಲಿಲ್ಲ. "ತುಳಿದು ನೋಡೂದಿಲ್ಲೇನು ಕಾಕಾ?" ಎಂದೆ.

"ಇದನ್ನೇನ್ ನೋಡ್ಲಿ? ಒಂದು ಬಕೆಟ್ ನೀರು ತಾ ಯವ್ವಾ."

ನಾನು ಕೊರೆಸಿದ್ದ ತೂತಿಗೇ ಸುರಿದರು. ನೀರು ನಿಲ್ಲಲಿಲ್ಲ, ಗುಳುಗುಳು ಎನ್ನುತ್ತ ಎಲ್ಲಿಗೋ ಹೋಯಿತು. ಎರಡನೆಯ ಬಕೆಟ್ಟೂ ಹಾಗೇ.

"ಎಂತ ಮಾರಾಯ್ರೇ ಇದು, ಕೆಳಗೆ ಬಾವಿ ಉಂಟಾ?" ಭಟ್ಟರು ನಕ್ಕರು.

ಮೇಸ್ತ್ರಿ ನಗಲಿಲ್ಲ. "ಬಾವಿ ಅಲ್ರೀ, ಪೆಟ್ಟಿಗಿ. ಇದು ಖಾಡಿ ಕೆಸರಿನ ಜಾಗ, ಸಮುದ್ರದ ಹಿನ್ನೀರು ನಿಲ್ಲತಿತ್ತು. ಮುರುಮು, ಗರಸು ಮಣ್ಣು ತುಂಬಿ ಕುಟ್ಟಬೇಕಿತ್ತು. ಮಳಿ ಬರೂದ್ರಾಗ ಮುಗಸ್ರಿ ಅಂದ್ರು ಗೋಡೌನಿನವರು. ಮಾರ್ಕೆಟ್ಟಿನ ಒಡಕ ಹಣ್ಣಿನ ಪೆಟ್ಟಿಗಿ ತುಂಬಿ, ಮ್ಯಾಲ ಮಣ್ಣು ಚೆಲ್ಲಿ ಸ್ಲ್ಯಾಬ್ ಹಾಕಿದ್ನಿ. ಗೋಡೌನ ಅಲ್ಲೇನು, ನಡೀತೈತಿ ಅಂದ್ಕೊಂಡೆ. ಈಗ ಕಟಗಿ ಎಲ್ಲಾ ಕೊಳತು, ಒಳಗ ಪೊಳ್ಳು."

"ನೀವೇ ಹಾಕಿದ್ದಾ! ಕೆಲಸಕ್ಕೆ ಒಪ್ಪುವಾಗ ಬಾಯಿಗೆ ಎಂತ ಆಗಿತ್ತು?"

"ನಾಚಿಕಿ ಆಗಿತ್ರಿ ಯಜಮಾನ್ರ. ಈ ಹುಡುಗಿ ಸಹಿ ಮಾಡ್ತಾಳಂತ ಗೊತ್ತಾದ ಮ್ಯಾಲ ಅನ್ನ ಇಳೀಲಿಲ್ಲ." ನನ್ನ ಕಡೆ ತಿರುಗಿದರು. "ನನ್ನ ಹೆಸರು ಹಾಕಿ ಬರಿ ಯವ್ವಾ. ಹಾಕಿದಾವನ ಹೇಳ್ಯಾನಂದ್ರ ಯಾರೂ ಎದುರು ಮಾತಾಡಂಗಿಲ್ಲ."

ಬರೆದೆ. ಭಟ್ಟರು ಸ್ಲ್ಯಾಬ್ ಒಡೆಸಿ, ಗಟ್ಟಿ ನೆಲ ಸಿಗುವ ತನಕ ಅಗೆಸಿ, ಹೊಸ ಪಾಯ ಹಾಕಿಸಿದರು. ಬೇರೆ ಮೇಸ್ತ್ರಿಯಿಂದ. ಸುದ್ದಿ ಹಬ್ಬಿತು. ಆಮೇಲೆ ಶರಣಪ್ಪ ಕಾಕಾನಿಗೆ ಯಾರೂ ಸ್ಲ್ಯಾಬ್ ಕೆಲಸ ಕೊಡಲಿಲ್ಲ. ಡೊಂಬಿವಲಿಯ ಸೊಸೈಟಿಗಳಲ್ಲಿ ಸೋರುವ ಗೋಡೆಗೆ ಸಿಮೆಂಟಿನ ಗಿಲಾವು ಮಾಡಿಕೊಂಡಿದ್ದರು. ನನ್ನೆದುರು ಒಂದು ದಿನವೂ ಆ ಮಾತೆತ್ತಲಿಲ್ಲ.

ಕಳೆದ ವರ್ಷ ತೀರಿಕೊಂಡರು. ಹದಿನೈದು ದಿನದ ಮೇಲೆ ಮಗಳು ನೀಲಾ ಬಂದಳು. ಇಲ್ಲೇ ಹುಟ್ಟಿದವಳು, ಕನ್ನಡ ತಿಳಿಯುತ್ತದೆ, ಮಾತು ಹಿಂದಿ. "ದೀದಿ, ಪಪ್ಪಾನೇ ಇತ್ನಾ ಸಬ್ ಬನಾಯಾ. ಕಹೀಂ ಉನ್ಕಾ ನಾಮ್ ಲಿಖಾ ಹೈ ಕ್ಯಾ?"

ಅವರು ಕಟ್ಟಿದ ಕಟ್ಟಡಗಳನ್ನೆಲ್ಲ ನೆನೆದೆ. ಎಲ್ಲಿಯೂ ಅವರ ಹೆಸರು ಬರೆದಿರಲಿಲ್ಲ. ಕಪಾಟಿನಿಂದ ಆ ರಿಪೋರ್ಟು ತೆಗೆದು, ಇಂಗ್ಲಿಷಿನ ಸಾಲನ್ನು ಕನ್ನಡದಲ್ಲಿ ಹೇಳಿದೆ: "ಈ ಸ್ಲ್ಯಾಬ್ ಹೊಸ ಕಟ್ಟಡದ ಭಾರವನ್ನು ತಡೆಯುವುದಿಲ್ಲ. ಹೀಗೆಂದು ತಿಳಿಸಿದವರು, ಇದನ್ನು ಹಾಕಿದ ಶರಣಪ್ಪ ಮೇಸ್ತ್ರಿ."

ನೀಲಾ ಆ ಹೆಸರಿನ ಮೇಲೆ ಬೆರಳಿಟ್ಟಳು. ಹೊರಡುವಾಗ ಆ ಹಾಳೆಯ ಒಂದು ಝೆರಾಕ್ಸ್ ಕೇಳಿದಳು.