ಯಜಮಾನಮ್ಮನ ಬಳಗದ ಕೊನೆಯ ಊಟ

ನನ್ನ ಮೊಮ್ಮಗಳ ಮದುವೆ ಗೊತ್ತಾಯಿತು! ಮೊದಲು ಇದನ್ನು ಹೇಳಿಬಿಡುತ್ತೇನೆ, ಮಿಕ್ಕಿದ್ದೆಲ್ಲ ಆಮೇಲೆ. ಗಂಡು ಕುದೇರಿನವನು, ರೇಷ್ಮೆ ಹುಳು ಸಾಕುತ್ತಾನೆ, ಎತ್ತರಕ್ಕಿದ್ದಾನೆ, ಮಾತು ಕಡಿಮೆ. ನಮ್ಮ ಮನೆಯ ಅಳಿಯನಿಗೆ ಮಾತು ಕಡಿಮೆ ಇರುವುದೇ ಒಳ್ಳೆಯದು, ಹೇಗೂ ಸರದಿ ಸಿಗುವುದಿಲ್ಲ. ನಮ್ಮ ಉಡಿಗಾಲದಲ್ಲಿ ಈ ಸುದ್ದಿ ಕೇಳದ ಮನೆ ಯಾವುದಾದರೂ ಉಳಿದಿದ್ದರೆ ಅದು ನನ್ನ ತಪ್ಪಲ್ಲ. ನಾನು ಹೋದಾಗ ಅವರು ಬಾಗಿಲು ಹಾಕಿಕೊಂಡಿದ್ದರು.

ಇಷ್ಟು ಸಂತೋಷದ ಸಂಬಂಧ ಕುದುರಿದ್ದು ಒಂದು ಸಾವಿನ ಊಟದಲ್ಲಿ. ಅದೂ ಹುಟ್ಟದೇ ಇದ್ದವಳ ಸಾವಿನ ಊಟದಲ್ಲಿ.

ನಾನು ಒಂದು ಅಭಿಮಾನಿ ಬಳಗದಲ್ಲಿದ್ದೆ. ಸಿನಿಮಾ ನಟನದಲ್ಲ, ಟಿವಿ ಧಾರಾವಾಹಿಯೊಂದರ ಯಜಮಾನಮ್ಮನದು. ಹಣೆ ತುಂಬ ಕುಂಕುಮ, ಒಲೆ ಮುಂದೆಯೂ ರೇಷ್ಮೆ ಸೀರೆ, ಸೊಸೆಯರನ್ನು ಕಂಡರೆ ಉರಿಗಣ್ಣು. ಅಳುವ ಸೊಸೆಗೆ ಮರುಗಲು ಇಡೀ ಕರ್ನಾಟಕವೇ ಕರವಸ್ತ್ರ ಹಿಡಿದು ಕೂತಿತ್ತು. ಯಜಮಾನಮ್ಮನ ಪರ ನಿಲ್ಲಲು ಯಾರಾದರೂ ಬೇಡವೇ? ಮನೆಯಲ್ಲಿ ಸೊಸೆ ಇರುವ ನಮ್ಮಂಥವರು ನಿಂತೆವು. ಮೊಮ್ಮಗಳು ಹೈಸ್ಕೂಲಿನಲ್ಲಿದ್ದಾಗ, "ಅಜ್ಜಿ, ನಿನ್ ಜನ ಸಿಕ್ಕವ್ರೆ ಕಣಜ್ಜಿ" ಎಂದು ನನ್ನನ್ನು ಆ ವಾಟ್ಸಾಪ್ ಗುಂಪಿಗೆ ಸೇರಿಸಿದಳು. ಈಗ ಅವಳು ಚಾಮರಾಜನಗರದ ಲ್ಯಾಬೊಂದರಲ್ಲಿ ಜನರ ರಕ್ತ ತೆಗೆಯುತ್ತಾಳೆ. ಅಲ್ಲಿಯವರೆಗೂ ಧಾರಾವಾಹಿ ನಡೆಯಿತು. ಯಜಮಾನಮ್ಮ ಅದೇ ಸೊಸೆಗೆ ಅದೇ ಕೆನ್ನೆಗೆ ಹೊಡೆಯುತ್ತಲೇ ಇದ್ದರು, ನಾವು ಭೇಷ್ ಅನ್ನುತ್ತಲೇ ಇದ್ದೆವು.

ಬಳಗದ ಹಿರಿಯ ಗುಂಡ್ಲುಪೇಟೆಯ ಒಬ್ಬ ನಿವೃತ್ತ ಬಸ್ ಕಂಡಕ್ಟರು. ಬಸ್ಸು ಬಿಟ್ಟರೂ ಬಸ್ಸು ಅವರನ್ನು ಬಿಟ್ಟಿರಲಿಲ್ಲ. ಯಾರಾದರೂ ಹೊಸಬರು ಸೇರಿದರೆ "ಒಳಕ್ ಬನ್ನಿ, ಒಳಕ್ ಬನ್ನಿ, ಬಾಗ್ಲಲ್ಲಿ ನಿಂತ್ಕಬೇಡಿ" ಎಂದು ದನಿ ಕಳಿಸುವರು. ಅವರ ಊರ ಕಡೆಯ ಹೆಂಗಸೊಬ್ಬಳಿದ್ದಳು. ಕೇರಳದ ಓಣಂಗೆ ಚೆಂಡುಹೂ ಬೆಳೆದು ಕಳಿಸುವವಳು. ವ್ಯಾಪಾರದ ದೆಸೆಯಿಂದ ಅವಳ ಕನ್ನಡದಲ್ಲಿ ಅರ್ಧ ಮಲಯಾಳ. ಯಜಮಾನಮ್ಮನನ್ನು ಅವಳು ಬೈದರೂ ಹೊಗಳಿದಂತೆ ಕೇಳುತ್ತಿತ್ತು. ಮಿಕ್ಕವರೆಲ್ಲ ಬೆಳಿಗ್ಗೆ ಗುಲಾಬಿ, ಸಂಜೆ ದೀಪ ಕಳಿಸುವ ಮಹಾನುಭಾವರು. ಆದರೆ ಒಂದು ಮಾತು. ದಿನಾ ಸಂಜೆ ಧಾರಾವಾಹಿ ಮುಗಿದ ಮೇಲೆ ಎಲ್ಲರೂ ಎಲ್ಲರನ್ನೂ "ಊಟ ಆಯ್ತಾ?" ಎಂದು ಕೇಳುತ್ತಿದ್ದೆವು. ನಮ್ಮ ಮನೆಯಲ್ಲಿ ಯಾರೂ ನನ್ನನ್ನು ಹಾಗೆ ಕೇಳುವುದಿಲ್ಲ. ಕೇಳಬೇಕಾಗಿಲ್ಲ, ನಾನೇ ಎಲ್ಲರಿಗಿಂತ ಮೊದಲು ಉಣ್ಣುತ್ತೇನೆ.

ಯಜಮಾನಮ್ಮ ಹಿಂದೆಯೂ ಹಲವು ಸಲ ಸತ್ತು, ಎಣ್ಣೆ ನೀರು ಹಾಕಿಕೊಂಡವರಂತೆ ಹೊಳೆಯುತ್ತ ಎದ್ದು ಬಂದಿದ್ದರು. ಈ ಸಲ ಸತ್ತ ದಿನವೇ ಧಾರಾವಾಹಿಯೂ ಮುಗಿದುಹೋಯಿತು. ಸೊಸೆ ತಂದುಕೊಟ್ಟ ಹಾಲು ಕುಡಿದರು, ಕುಸಿದರು, ಕೆಳಗೆ "ಮುಕ್ತಾಯ" ಎಂದು ಬಂತು. ಮರುದಿನ ಕಂಡಕ್ಟರ ದನಿ ಬಂತು:

"ಲಾಸ್ಟ್ ಸ್ಟಾಪು ಕಣ್ರಪ್ಪ. ಎಲ್ರೂ ಇಳ್ಕಳಿ. ಭಾನ್ವಾರಕ್ಕೆ ಗ್ರೂಪ್ ಮುಚ್ಬುಡ್ತೀನಿ."

"ಇಳ್ಕಂಡು ಎಲ್ಲಿಗೋಗನ ಚೇಟ್ಟಾ?" ಎಂದಳು ಹೂವಿನವಳು. ಅವಳಿಗೆ ಅಣ್ಣಂದಿರೆಲ್ಲ ಚೇಟ್ಟನೇ.

ನನಗೆ ಸಿಟ್ಟು ಬಂತು. ಇಷ್ಟು ವರ್ಷ ಜೊತೆಗಿದ್ದು, ಹಾಲಿನ ಡೈರಿಗೆ ಬೀಗ ಹಾಕಿದ ಹಾಗೆ ಮುಚ್ಚುವುದೇ? ನಮ್ಮಲ್ಲಿ ಹಿರಿಯರು ಹೋದರೆ ಶಿವಗಣಾರಾಧನೆ ಮಾಡಿ, ನಾಲ್ಕು ಜನರಿಗೆ ಊಟ ಹಾಕಿ ಕಳಿಸುತ್ತೇವೆ. ಯಜಮಾನಮ್ಮನಿಗೂ ನಮ್ಮ ಮನೆಯಲ್ಲೇ ಆಗಲಿ, ಬಳಗವೂ ಅಂದೇ ಮುಗಿಯಲಿ ಎಂದೆ. ಎಲ್ಲರೂ ಒಪ್ಪಿದರು. ಹನ್ನೊಂದನೇ ದಿನದವರೆಗೆ ಕಾಯಲು ಯಾರೂ ಒಪ್ಪಲಿಲ್ಲ. ನಮ್ಮ ವಯಸ್ಸಿಗೆ ಅಷ್ಟು ಮುಂದಿನ ಕಾರ್ಯಕ್ರಮ ಇಟ್ಟುಕೊಳ್ಳುವುದು ದುರಾಸೆ.

"ನೀನೇ ಬಾಯ್ತುಂಬ ಒಂದ್ ಕರೆ ಕಳ್ಸಕ್ಕ" ಎಂದರು ಕಂಡಕ್ಟರು.

ಇಲ್ಲಿ ನನ್ನ ವಿದ್ಯಾಭ್ಯಾಸದ ವಿಷಯ ಹೇಳಬೇಕು. ಓದಿದ್ದು ಮೂರನೇ ಕ್ಲಾಸು. ಅಕ್ಷರ ಬರುತ್ತವೆ, ಆದರೆ ಒಂದೊಂದಾಗಿ, ಮದುವೆ ಮನೆಗೆ ನೆಂಟರು ಬಂದ ಹಾಗೆ. ಅಷ್ಟು ಹೊತ್ತು ಯಾರು ಕಾಯುತ್ತಾರೆ? ಫೋನಿನಲ್ಲಿ ನಾನು ಹೆಸರು ಓದುವುದಿಲ್ಲ, ಪಟ ನೋಡುತ್ತೇನೆ. ಬಳಗದ ಪಟ ಬೆಟ್ಟದ ಮಾದಪ್ಪ. ಮಾದಪ್ಪನನ್ನು ಒತ್ತಿದೆ, ಬಾಯಿ ಬಿಟ್ಟೆ:

"ಎಲ್ರಿಗೂ ಶರಣು. ನಮ್ ಯಜಮಾನಮ್ಮ ಓಗ್ಬುಟ್ರು ಕಣ್ರಪ್ಪ. ಹಾಲ್ ಕುಡುದ್ರು, ಅಂಗೇ ಕುಸುದ್ರು. ಭಾನ್ವಾರ ನಮ್ಮನೇಲೇ ಶಿವಗಣಾರಾಧನೆ ಮಡಗಿವ್ನಿ. ಒಬ್ರೂ ತಪ್ಪುಸ್ಬೇಡಿ."

ಆ ಕಡೆಯಿಂದ ಹೆಂಗಸೊಬ್ಬಳ ದನಿ ಬಂತು. ಹೊಸ ದನಿ. ಕೊನೆ ಸ್ಟಾಪಿನಲ್ಲೂ ಹತ್ತುವವರಿದ್ದಾರಲ್ಲ ಎಂದು ಹಿಗ್ಗಿದೆ.

"ಅಯ್ಯೋ ಶಿವನೇ! ಕಾಯ್ಲೆ ಏನಾರ ಇತ್ತಾ ತಾಯಿ?"

"ಎಂತ ಕಾಯ್ಲೆ? ಕಲ್ಲುಗುಂಡಿನಂಗಿದ್ರು. ಆಗತಾನೆ ಸೊಸೆ ಕೆನ್ನೆಗೆ ಬಾರ್ಸಿದ್ರು."

"ಮತ್ತೆ ಎಂಗ್ ಓದ್ರು?"

"ಹಾಲ್ ತಂದ್ಕೊಟ್ಟವ್ಳು ಸೊಸೆ. ಅದ್ರೊಳಗೇನ್ ಬೆರ್ಸಿದ್ಲು ಅಂತ ನಾನ್ಯಾಕ್ ಬಾಯ್ಬುಟ್ಟು ಏಳ್ಲಿ? ಪೊಲೀಸ್ನೋರೂ ಅವ್ಳ್ ಕಡೆನೇ ಅವ್ರೆ."

ಆಮೇಲೆ ಆ ಕಡೆಯಿಂದ ಉಸಿರಿಲ್ಲ. ದುಃಖ ಒತ್ತರಿಸಿತು ಎಂದುಕೊಂಡೆ. ಎಂಥ ಅಭಿಮಾನ!

ಸಂಜೆ ಕಂಡಕ್ಟರು ಫೋನ್ ಮಾಡಿ, "ಏನಕ್ಕ, ಕರೇನೇ ಬರ್ಲಿಲ್ವಲ್ಲ?" ಎಂದಾಗ ಫೋನಿನ ಮಾದಪ್ಪನನ್ನು ಇನ್ನೊಮ್ಮೆ ನೋಡಿದೆ. ಅಷ್ಟರಲ್ಲಿ ನನ್ನ ಮಗ ಅರಿಸಿನ ಮಂಡಿಯಿಂದ ಬಂದ. ಮುಖ ಅರಿಸಿನಕ್ಕಿಂತ ಹಳದಿ.

"ಯಾರವ್ವ ಸತ್ತೋದೋರು? ಯಾರ್ಗವ್ವ ವಿಷ ಆಕಿದ್ದು?"

ನಡೆದದ್ದು ಇಷ್ಟು. ಮೊಮ್ಮಗಳನ್ನು ನೋಡಲು ಕುದೇರಿನಿಂದ ಗಂಡು, ಅವನ ಅಪ್ಪ ಅಮ್ಮ ಬಂದು ಒಪ್ಪಿಹೋಗಿದ್ದರು. ಮುಂದಿನ ಮಾತುಕತೆಗೆಂದು ಮಗ ಎರಡೂ ಮನೆಯವರನ್ನು ಸೇರಿಸಿ ಒಂದು ಗುಂಪು ಮಾಡಿದ್ದ. ಅದಕ್ಕೆ ಯಾವ ಪಟ ಹಾಕಿದ್ದ? ಮಾದಪ್ಪನದು. ಈ ಸೀಮೆಯಲ್ಲಿ ಬೇರೆ ಯಾರ ಪಟ ಹಾಕುತ್ತಾನೆ? ಹೊಸ ದನಿ ಗಂಡಿನ ಅಜ್ಜಿಯದು. ಮಂಡಿನೋವೆಂದು ಹೆಣ್ಣು ನೋಡಲು ಬಂದಿರಲಿಲ್ಲ, ಆದರೆ ಆ ಮನೆಯಲ್ಲಿ ಅವಳು ಹೂಂ ಅನ್ನದೆ ಸೊಪ್ಪೂ ಬೇಯುವುದಿಲ್ಲವಂತೆ. ಈಗ ಅವಳಿಗೆ ಗೊತ್ತಾಗಿದ್ದೇನೆಂದರೆ, ನಮ್ಮ ಮನೆಯಲ್ಲೊಂದು ಹಿರಿಯ ಜೀವವಿತ್ತು, ಹೆಣ್ಣಿನ ತಾಯಿ ಅದಕ್ಕೆ ಹಾಲಿನಲ್ಲಿ ವಿಷ ಹಾಕಿದಳು, ಪೊಲೀಸರನ್ನೂ ಒಳಗೆ ಹಾಕಿಕೊಂಡಳು.

ಮಗ ಕುದೇರಿಗೆ ಫೋನ್ ಮಾಡಿ, "ಅದು ಸೀರಿಯಲ್ಲು ಕಣಮ್ಮ" ಎಂದ. "ಊಂ ಊಂ, ಅಂಗೇ ಏಳ್ಬೇಕು" ಎಂದು ಆ ಕಡೆ ಇಟ್ಟುಬಿಟ್ಟರು.

ನನ್ನ ಸೊಸೆ ಕಾಫಿ ತಂದು ಮುಂದೆ ಹಿಡಿದು ಮೆಲ್ಲಗೆ ಕೇಳಿದಳು: "ಬೆಲ್ಲ ಸಾಕಾ ಅತ್ತೆ? ಇಲ್ಲ ಬೇರೆ ಏನಾರ ಆಕ್ಲಾ?"

ಇಂಥ ಸೊಸೆಯಿದ್ದರೆ ಯಜಮಾನಮ್ಮನ ಕೈ ಕೆನ್ನೆಯವರೆಗೂ ಏಳುತ್ತಿರಲಿಲ್ಲ.

ಮೊಮ್ಮಗಳು ಕೆಲಸದಿಂದ ಬಂದು, ನನ್ನ ದನಿಗಳನ್ನೆಲ್ಲ ಕೇಳಿ ಫೋನ್ ವಾಪಸು ಕೊಟ್ಟಳು. ಬೈಯಲಿಲ್ಲ. ಬೈದಿದ್ದರೆ ನಾನೂ ಎರಡು ಮಾತು ಜೋಡಿಸಿ ಗೆದ್ದುಬಿಡುತ್ತಿದ್ದೆ. ಸದಾ ಕೈಯಲ್ಲೇ ಇರುತ್ತಿದ್ದ ಅವಳ ಫೋನು ಕಿಟಕಿಯಲ್ಲಿ ಮಗುಚಿ ಬಿದ್ದಿತ್ತು.

"ಹುಡ್ಗ ಏನಂತಾನಮ್ಮಿ?"

"ಅವ್ನು ನಗ್ತಾವ್ನೆ ಅಜ್ಜಿ. ಆದ್ರೆ ಅವ್ರಜ್ಜಿ ಬ್ಯಾಡ ಅಂದ್ರೆ ಬ್ಯಾಡ ಅಂತೆ. ಅವ್ರನ್ನ ಮೀರಲ್ಲ ಅವ್ನು."

"ನಿನ್ಗೆ?"

ಅವಳು ಬಳೆ ತಿರುಗಿಸುತ್ತ ಕೂತಳು. ಉತ್ತರ ಸಿಕ್ಕಿತು. ಈ ಹುಡುಗಿ ಬಂದ ಗಂಡುಗಳಿಗೆಲ್ಲ ಏನಾದರೊಂದು ಹೆಸರಿಟ್ಟು ನಕ್ಕವಳು. ಇವನಿಗೆ ಮಾತ್ರ ಹೆಸರಿಟ್ಟಿರಲಿಲ್ಲ.

"ಆರಾಧನೆ ಬ್ಯಾಡ ಅನ್ಬುಡ್ತೀನಿ" ಎಂದೆ.

"ಈಗ ಬ್ಯಾಡ ಅಂದ್ರೆ ನಿಜ್ವಾಗ್ಲೂ ಎಣ ಮುಚ್ಚಾಕ್ತಾವ್ರೆ ಅಂತಾರೆ. ಮಾಡು" ಎಂದಳು.

ಭಾನುವಾರ ಬಳಗ ಬಂದಿಳಿಯಿತು. ಅಲ್ಲಿಯವರೆಗೂ ಒಬ್ಬರ ಮುಖ ಒಬ್ಬರು ಕಂಡವರಲ್ಲ. ಎಲ್ಲರ ಪಟದಲ್ಲೂ ದೇವರು, ಇಲ್ಲವೆ ದಾಸವಾಳ. ಅಂಗಳದಲ್ಲಿ ಒಬ್ಬರನ್ನೊಬ್ಬರು ಎಮ್ಮೆ ಕೊಳ್ಳಲು ಬಂದವರ ಹಾಗೆ ಸುತ್ತಿ ನೋಡುತ್ತ ನಿಂತರು. ಯಾರೋ ಕೆಮ್ಮಿ "ಒಳಕ್ ಬನ್ನಿ, ಒಳಕ್ ಬನ್ನಿ" ಎಂದದ್ದೇ ತಡ, "ಅಯ್ಯೋ ಕಂಡಕ್ಟ್ರೇ!" ಎಂದು ಎಲ್ಲರೂ ಕೂಗಿಕೊಂಡೆವು. ಆಮೇಲೆ ಒಬ್ಬೊಬ್ಬರೂ ಬಾಯಿ ಬಿಟ್ಟು ದನಿಯಿಂದಲೇ ಗುರುತಾದರು. ಗಟ್ಟಿ ದನಿಯ ಕಂಡಕ್ಟರು ನನ್ನ ಹೆಗಲಿಗೂ ಬರುತ್ತಿರಲಿಲ್ಲ. ಹೂವಿನವಳು ಒಂದು ಚೀಲ ಚೆಂಡುಹೂ ತಂದಿದ್ದಳು. ಯಜಮಾನಮ್ಮನ ಪಟವನ್ನು ಕುರ್ಚಿಯ ಮೇಲಿಟ್ಟು, ವಿಭೂತಿ ಹಚ್ಚಿ, ಹಾರ ಹಾಕಿದೆವು. ಪಟದಲ್ಲೂ ಕಣ್ಣು ಉರಿಯುತ್ತಲೇ ಇತ್ತು. ಮಧ್ಯಾಹ್ನದ ಪಂಕ್ತಿ ಕೂತಿತು.

ಪಂಕ್ತಿ ಏಳುವ ಹೊತ್ತಿಗೆ ಬಾಗಿಲಲ್ಲಿ ಆಟೋ ನಿಂತಿತು. ಕುದೇರಿನವರು! ಗಂಡು, ಅಪ್ಪ, ಅಮ್ಮ, ಮುಂದೆ ಕೋಲೂರಿಕೊಂಡು ಅಜ್ಜಿ. ಒಂದು ಕೈಯಲ್ಲಿ ಹಾರ. ಸಾವಿಗೆ ಬಂದ ನೆಪ, ಕಣ್ಣೆಲ್ಲ ತನಿಖೆ. ಸೊಸೆ ನೀರು ಕೊಟ್ಟರೆ ಲೋಟದೊಳಗೆ ಇಣುಕಿ ನೋಡಿ, "ದಾಹ ಇಲ್ಲ" ಎಂದಳು. ಮೊಮ್ಮಗಳು ಬಾಗಿಲ ಸಂದಿಯಲ್ಲಿ ನಿಂತಿದ್ದಳು. ನನ್ನ ನಾಲಿಗೆ ಮೊದಲ ಸಲ ರಜ ಹಾಕಿತ್ತು.

ಅಜ್ಜಿ ಪಟದ ಹತ್ತಿರ ಹೋಗಿ ಹಾರ ಎತ್ತಿದಳು. ಎತ್ತಿದ ಕೈ ಅಲ್ಲೇ ನಿಂತಿತು.

"ಈ ಗಯ್ಯಾಳಿನಾ?"

ಪಟದ ಹತ್ತಿರಕ್ಕೆ ಮುಖ ತಂದು ಇನ್ನೊಮ್ಮೆ ನೋಡಿದಳು.

"ಈ ಗಯ್ಯಾಳಿ ಯಾವಾಗ್ ಸತ್ಲು? ನಮ್ಮನೇಲಿ ಕೇಬಲ್ ಕಿತ್ತೋಗಿತ್ತು. ಒಬ್ರಾದ್ರೂ ನನ್ಗೇಳಿದ್ರಾ?" ಎಂದು ತನ್ನ ಮಗನ ಕಡೆ ತಿರುಗಿ ಕೋಲು ಕುಟ್ಟಿದಳು. ಆಮೇಲೆ ನನ್ನ ಕಡೆ ತಿರುಗಿದಳು. "ಆ ದೇವ್ರಂತ ಸೊಸೆ ವಿಷ ಆಕಿದ್ಲು ಅಂದ್ಯಲ್ಲ, ನಿನ್ ನಾಲ್ಗೆಗೆ ಮೂಳೆ ಇಲ್ವಾ?"

"ದೇವ್ರಂತೋಳು ಹಾಲಲ್ಲೇನ್ ತೀರ್ಥ ಬೆರ್ಸಿದ್ಲಾ?" ಎಂದುಬಿಟ್ಟೆ. ನಾಲಿಗೆಯ ರಜ ಮುಗಿದಿತ್ತು.

ಇಡೀ ಬಳಗ ನನ್ನ ಹಿಂದೆ, ಅವಳು ಒಬ್ಬಳೇ ಆ ಕಡೆ. ಹೇಳಬಾರದು, ಒಬ್ಬಳೇ ಎಲ್ಲರಿಗೂ ಸಾಕಾದಳು. ಕೊನೆಗೆ ಬಾಗಿಲ ಸಂದಿಯತ್ತ ಕೋಲು ತೋರಿಸಿದಳು. "ಇಂತೋಳಿಗೆ ಹಾರ ಆಕೋ ಮನೆ ಹೆಣ್ಣು ನಮ್ಮನೆಗ್ ಬಂದ್ರೆ ಯಾರ್ ಕಡೆ ನಿಲ್ತಾಳೆ? ಬಾಯ್ಬುಡಮ್ಮಿ, ನೀನ್ಯಾರ್ ಕಡೆ?"

ಮೊಮ್ಮಗಳು ಹೊರಗೆ ಬಂದಳು. "ನಾನ್ ಸೀರಿಯಲ್ ನೋಡಲ್ಲ ಕಣಜ್ಜಿ. ನಮ್ ಲ್ಯಾಬ್ಗೆ ಅತ್ತೇರೂ ಬತ್ತಾರೆ, ಸೊಸೇರೂ ಬತ್ತಾರೆ. ಸೂಜಿ ಕಂಡ್ರೆ ಇಬ್ರೂ ಒಂದೇ ತರ ಕಿರುಚ್ಕತಾರೆ."

ಗಂಡು ನಕ್ಕುಬಿಟ್ಟ. ಅಜ್ಜಿ ನಗಲಿಲ್ಲ. ಜಗಲಿ ಮೇಲೆ ಕೂತು ಅವಳನ್ನೇ ನೋಡತೊಡಗಿದಳು. ನೀರು ಮುಟ್ಟಲಿಲ್ಲ, ಊಟಕ್ಕೆ ಏಳಲಿಲ್ಲ.

ಅಷ್ಟರಲ್ಲಿ ಬಳಗಕ್ಕೆ ಬಸ್ಸಿನ ಹೊತ್ತಾಯಿತು. ನಮ್ಮ ಕಡೆ ಯಾರ ಮನೆಯಿಂದ ಎದ್ದರೂ "ಹೋಗಿ ಬರ್ತೀವಿ" ಅನ್ನಬೇಕು. ಸಾವಿನ ಮನೆಯಿಂದ ಮಾತ್ರ ಹಾಗನ್ನಬಾರದು, ಸುಮ್ಮನೆ ಎದ್ದು ನಡೆಯಬೇಕು. ಮತ್ತೆ ಇಂಥದಕ್ಕೆ ಬರುವಂತಾಗದಿರಲಿ ಎಂದು.

"ಆರಾಧನೆ ಮನೆ. ಯಾರೂ ಓಗಿ ಬತ್ತೀವಿ ಅನ್ಬ್ಯಾಡಿ" ಎಂದು ಕಂಡಕ್ಟರು ಎಚ್ಚರಿಸಿದರು. ಎಲ್ಲರೂ ಸಾಲಾಗಿ ಕೂತು ಫೋನ್ ತೆಗೆದರು. ಗುಂಪು ಬಿಡುವ ಗುಂಡಿ ಎಲ್ಲಿದೆಯೆಂದು ಯಾರಿಗೂ ಗೊತ್ತಿಲ್ಲ. ಹಿಂದೆ ನನ್ನನ್ನು ಸೇರಿಸಿದ್ದ ಮೊಮ್ಮಗಳೇ ಒಬ್ಬೊಬ್ಬರ ಬೆರಳು ಹಿಡಿದು ಒತ್ತಿಸಿದಳು. ಆಮೇಲೆ ಎದ್ದರು, ಚಪ್ಪಲಿ ಮೆಟ್ಟಿದರು, ಹೊರಟರು. ಹೂವಿನವಳು ತಿರುಗಿ ನೋಡಿ ಬಾಯಿ ತೆರೆದಳು, ನೆನಪಾಗಿ ಮುಚ್ಚಿಕೊಂಡಳು. ಅಷ್ಟು ವರ್ಷ ಬಾಯಿ ಮುಚ್ಚದವರು ಹಾಗೆ ಮಾತಿಲ್ಲದೆ ಓಣಿ ತಿರುಗಿ ಮರೆಯಾದರು. ಸಾಂಬ್ರಾಣಿ ಹೊಗೆಗೆ ನನ್ನ ಕಣ್ಣಲ್ಲಿ ನೀರು ಬಂತು. ಸಾಂಬ್ರಾಣಿ ಹಚ್ಚಿರಲಿಲ್ಲ, ಆದರೂ ಬಂತು.

ಕುದೇರಿನ ಅಜ್ಜಿ ಇದನ್ನೆಲ್ಲ ನೋಡಿದಳು. ಹೊತ್ತು ಇಳಿದಾಗ ಅವಳೂ ಕೋಲೂರಿ ಎದ್ದಳು. ಮನೆಯವರೆಲ್ಲ ಎದ್ದೆವು. ಇವಳೂ ಸುಮ್ಮನೆ ಹೋದರೆ ಮುಗಿಯಿತು, ಮತ್ತೆ ಈ ಹೊಸಿಲು ತುಳಿಯುವುದಿಲ್ಲ ಎಂದೇ ಅರ್ಥ. ಜಗಲಿ ಇಳಿದಳು. ಚಪ್ಪಲಿ ಮೆಟ್ಟಿದಳು. ಅಂಗಳ ದಾಟಿದಳು. ಆಟೋದ ಕಂಬಿ ಹಿಡಿದಳು. ಮೊಮ್ಮಗಳ ಕೈ ನನ್ನ ಸೆರಗು ಹಿಡಿದಿತ್ತು. ಚಿಕ್ಕವಳಿದ್ದಾಗ ಹಿಡಿಯುತ್ತಿದ್ದ ಹಾಗೆಯೇ.

ಅಜ್ಜಿ ತಿರುಗಿದಳು.

"ಓಗಿ ಬತ್ತೀವಿ ಕಣಮ್ಮಿ" ಎಂದಳು, ನನ್ನ ಮೊಮ್ಮಗಳೊಬ್ಬಳಿಗೇ.

ನಾನು ಕಿರುಚಿದೆನಂತೆ. ನನಗೆ ನೆನಪಿಲ್ಲ. ಪಕ್ಕದ ಮನೆಯವರು ಈ ಸಲ ನಿಜವಾಗಿಯೂ ಯಾರೋ ಸತ್ತರೆಂದು ಓಡಿ ಬಂದರು.

"ಓಗಿ ಬರೋದು ಆಮೇಲೆ, ಉಂಡು ಓಗಿ" ಎಂದು ನನ್ನ ಸೊಸೆ ಆಟೋದವನನ್ನೂ ಇಳಿಸಿಬಿಟ್ಟಳು.

ಸಂಜೆ ನಡುಮನೆಯಲ್ಲಿ ಎಲ್ಲರೂ ಒಟ್ಟಿಗೆ ಎಲೆ ಹಾಕಿಕೊಂಡು ಕೂತೆವು. ಆರಾಧನೆಗೆ ಮಾಡಿದ್ದ ಅಡುಗೆಯೇ, ಅವರೆಕಾಳು ಸಾರು, ಅನ್ನ, ಪಾಯಸ. ಬಿಸಿಬಿಸಿ ಒಬ್ಬಟ್ಟು ಸೇರಿದ ಮೇಲೆ ಅದೇ ಮದುವೆ ಅಡುಗೆಯಾಯಿತು. ಗಂಡು ತಲೆ ಎತ್ತದೆ ಉಂಡ, ಮೊಮ್ಮಗಳು ಅವನ ಎಲೆಗೆ ಕೇಳದೆಯೇ ತುಪ್ಪ ಸುರಿದಳು. ಅಜ್ಜಿ ಪಾಯಸದ ಲೋಟ ಎತ್ತಿ ನನ್ನ ಸೊಸೆಯನ್ನು ನೋಡಿದಳು.

"ಹಾಲಿಂದಾ? ಏನಾರ ಬೆರ್ಸಿದೀಯಾ?"

"ಏಲಕ್ಕಿ."

ಅಜ್ಜಿ ಗಟಗಟ ಕುಡಿದು, ಇನ್ನೊಂದು ಲೋಟಕ್ಕೆ ಕೈ ಚಾಚಿದಳು. ಆಮೇಲೆ ನನ್ನತ್ತ ಬಾಗಿ, "ಆ ಗ್ರೂಪ್ ಪೂರ್ತಿ ಮುಚ್ಬುಟ್ರಾ? ಥೂ, ನಾನಿನ್ನೂ ಜಗ್ಳ ಆಡೋದಿತ್ತು" ಎಂದಳು.

"ಆಡೀರಂತೆ, ಮೊದ್ಲು ಉಣ್ಣಿ" ಎಂದು ನಾನೇ ಅವಳ ಎಲೆಗೆ ಒಬ್ಬಟ್ಟು ಹಾಕಿದೆ. ಆಮೇಲೆ ಯಾರೂ ಮಾತಾಡಲಿಲ್ಲ. ಎಲ್ಲರ ಬಾಯೂ ತುಂಬಿತ್ತು.