ಕಾಗದದಲ್ಲಿ ಜ್ವರ ನನ್ನದು

ಶಾಲೆಗೆ ಹೊರಡುವ ಮುನ್ನ ಮಗಳು ಕುಸುಮಾಳಿಗೆ ಜಡೆ ಹಾಕುತ್ತಿದ್ದೆ. ಅವಳ ತಲೆ ಸುಡುತ್ತಿತ್ತು. ಮೂರು ದಿನವಾದರೂ ಜ್ವರ ಇಳಿಯಲಿಲ್ಲ. ನಾಲ್ಕನೆಯ ದಿನ ಜಮಖಂಡಿಯ ದವಾಖಾನೆಗೆ ಎತ್ತಿಕೊಂಡು ಹೋದೆ.

ಟೈಫಾಯಿಡ್.

ಮನೆಯಲ್ಲೇ ಮಲಗಿಸಿ, ಆದರೆ ಮೂರು ವಾರ ಹಾಸಿಗೆಯ ಪಕ್ಕ ಯಾರಾದರೂ ಇರಲೇಬೇಕು ಎಂದರು ಡಾಕ್ಟರು. ಹಾಗೆ ಕೂರುವವರು ನಮ್ಮಲ್ಲಿರಲಿಲ್ಲ. ನಾನು ಹೆಣ್ಣುಮಕ್ಕಳ ಶಾಲೆಯ ಶಿಕ್ಷಕಿ. ನಮ್ಮವರು ಮುಧೋಳದ ಕಚೇರಿಯಲ್ಲಿ ಕಾರಕೂನರು, ರವಿವಾರಕ್ಕೊಮ್ಮೆ ಬರುವವರು.

ರಜೆ ಕೇಳಿದೆ. ಸಂಸ್ಥಾನ ಹೋಗಿ ಮುಂಬೈ ಸರಕಾರ ಬಂದಮೇಲೆ ಎಲ್ಲಕ್ಕೂ ನಿಯಮದ ಪುಸ್ತಕ ನೋಡಬೇಕು. ಮುಖ್ಯಾಧ್ಯಾಪಕಿ ಎರಡು ಸಲ ನೋಡಿದರು.

"ಬಾಣಂತನಕ್ಕ ರಜಾ ಅದ. ನಿಮಗ ಜಡ್ಡಾದ್ರ ಅದ. ಮಗಳ ಜಡ್ಡಿಗೆ ಇಲ್ರಿ."

ನಮ್ಮವರ ಅರ್ಜಿಯೂ ತಿರುಗಿ ಬಂತು. ತಾಯಿ ಇರುವಾಗ ತಂದೆಗೆ ರಜೆ ಯಾಕೆ ಎಂದು ಸಾಹೇಬರು ಕೇಳಿದರಂತೆ.

ಡಾಕ್ಟರು ಇದನ್ನೆಲ್ಲ ಕೇಳಿದರು. ಆಮೇಲೆ ಕಾಗದ ಎಳೆದುಕೊಂಡರು.

"ಜಡ್ಡಂತೂ ಮನ್ಯಾಗ ಐತಲ್ರಿ ಅಕ್ಕಾರ. ಯಾರ ಹೆಸರಿಲೆ ಬರದ್ರೇನು?"

ಸರ್ಟಿಫಿಕೇಟಿನಲ್ಲಿ ನನ್ನ ಹೆಸರು ಬರೆದರು, ಮುಂದೆ ಟೈಫಾಯಿಡ್ ಎಂದು. ತೆಗೆದುಕೊಂಡೆ. ಹೆದರಿಕೆಯಾಗಲಿಲ್ಲ. ನಾಚಿಕೆಯೂ ಆಗಲಿಲ್ಲ. ಏನೂ ಆಗಲಿಲ್ಲ.

ಗಂಜಿ ಕುಡಿಸುವುದು, ಒದ್ದೆ ಬಟ್ಟೆ ಹಾಕುವುದು, ತೆಗೆಯುವುದು. ವಾರ ಯಾವುದೆಂಬುದೂ ಮರೆತುಹೋಗಿತ್ತು. ಒಂದು ಮಧ್ಯಾಹ್ನ ಹಿತ್ತಿಲಲ್ಲಿ ಮಗುವಿನ ಬಟ್ಟೆ ಹಿಂಡುತ್ತಿದ್ದಾಗ ಮುಖ್ಯಾಧ್ಯಾಪಕಿ ಬಂದರು. ನನ್ನನ್ನೇ ನೋಡಲು ಬಂದವರು. ನನ್ನ ಒದ್ದೆ ಕೈ ನೋಡಿದರು, ಒಳಗೆ ಮಲಗಿದ್ದವಳನ್ನು ನೋಡಿದರು. ನೌಕರಿ ಹೋಯಿತು ಅಂದುಕೊಂಡೆ. ಅವರು ಕಾಲು ತೊಳೆದು ಬಂದು ಹಾಸಿಗೆಯ ಪಕ್ಕ ಕೂತರು.

"ನೀವು ಉಂಡು ಬರ್ರಿ. ನಾ ಕೂಡ್ತೀನಿ."

ಉಂಡೆ. ಏನು ಉಂಡೆನೋ ನೆನಪಿಲ್ಲ.

ಕೊನೆಗೆ ಜ್ವರ ಇಳಿಯಿತು. ಬಲಮಗ್ಗುಲಾಗಿ ಮಲಗಿದ್ದ ಕುಸುಮಾ ಬಾಗಿಲಿಂದ ಕರೆದರೆ ತಿರುಗಲಿಲ್ಲ. ನಿಶ್ಶಕ್ತಿ ಅಂದುಕೊಂಡೆ. ಡಾಕ್ಟರು ಅವಳ ಕಿವಿಗಳ ಬಳಿ ಒಂದೊಂದಾಗಿ ಗಡಿಯಾರ ಹಿಡಿದು ನೋಡಿದರು.

ಎಡಗಿವಿ ಹೋಗಿತ್ತು.

ಕೆಲಸಕ್ಕೆ ಹೋದ ದಿನ, ನಾನು ಗುಣವಾಗಿದ್ದೇನೆಂಬ ಇನ್ನೊಂದು ಸರ್ಟಿಫಿಕೇಟು ಕೊಟ್ಟೆ. ಮುಖ್ಯಾಧ್ಯಾಪಕಿ ಅದನ್ನು ಓದಿ ಮಡಚಿಟ್ಟರು.

"ಈಗ ಆರಾಮ ಇದ್ದೀರೇನ್ರಿ?"

"ಆರಾಮ ಇದ್ದೀನ್ರಿ."

ಮತ್ತೇನೂ ಕೇಳಲಿಲ್ಲ. ಆ ಋಣ ಇದೆ. ಮಗಳು ಉಳಿದಿದ್ದಾಳೆ, ಓಡಾಡುತ್ತಾಳೆ. ನಾನೀಗ ಅವಳ ಬಲಕ್ಕೆ ಕೂತು ಮಾತಾಡುತ್ತೇನೆ.