ಒಂದೇ ಬಾಗಿಲು, ಎರಡು ಒಲೆ

"ನನ್ನ ಅರ್ಜಿ ತಿರುಗಿ ಬಂದೈತ್ರಿ. ಈಗ ನನ್ನ ಜೋಡಿ ಮನಿಗೆ ಬರ್ರಿ" ಎಂದು ಹುಸೇನಬಿ ನನ್ನ ಮೇಜಿನ ಮುಂದೆ ನಿಂತುಬಿಟ್ಟರು. ಆಗ ನಾನು ಮೋಟೆಬೆನ್ನೂರಿನಲ್ಲಿ ಗ್ರಾಮ ಲೆಕ್ಕಿಗ. ಅವರ ವಿಧವಾ ವೇತನದ ಅರ್ಜಿಗೆ 'ಕುಟುಂಬಕ್ಕೆ ಆದಾಯವಿದೆ' ಎಂದು ವರದಿ ಬರೆದವನು ನಾನೇ. ರೇಷನ್ ಕಾರ್ಡಿನಲ್ಲಿ ಪಗಾರ ತರುವ ಮೈದುನನ ಹೆಸರೂ ಇತ್ತು. ನಾನು ಅಷ್ಟನ್ನೇ ನೋಡಿದ್ದೆ.

ನಾಳೆ ಬರುತ್ತೇನೆ ಎಂದೆ. ಅವರು ಕದಲಲಿಲ್ಲ. ಕೊನೆಗೆ ಅವರ ಹಿಂದೆ ನಡೆದೆ.

ಮನೆಯೊಳಗೆ ಮೈದುನನ ಹೆಂಡತಿ ಗ್ಯಾಸಿನ ಮೇಲೆ ಸಾರು ಕುದಿಸುತ್ತಿದ್ದರು. ಹಿತ್ತಲಲ್ಲಿ ತಗಡಿನ ಕೆಳಗೆ ಮೂರು ಕಲ್ಲಿನ ಒಲೆ, ಎರಡು ಪಾತ್ರೆ, ಹುಸೇನಬಿಯ ಮಗಳ ಪಾಟಿಚೀಲ.

"ಬಾಗಲಾ ಒಂದ ಐತಿ, ಖರೇ. ಆದ್ರ ನಾ ಮೆಣಸಿನಕಾಯಿ ತೊಟ್ಟು ಬಿಡಿಸಾಕ ಕೂಲಿಗೆ ಹೋದ ದಿನಾ ಅಷ್ಟ ಈ ಒಲಿ ಹತ್ತತೈತ್ರಿ" ಎಂದರು.

ಮೈದುನನ ಹೆಂಡತಿ ತಲೆತಗ್ಗಿಸಿ, "ಭಾಬಿ ಹೇಳೂದು ಖರೇ ಐತ್ರಿ" ಎಂದರು. ಅಲ್ಲೇ ಕಟ್ಟೆಯ ಮೇಲೆ ಕುಳಿತು ಹೊಸ ವರದಿ ಬರೆದೆ. ಹುಸೇನಬಿ ಅದನ್ನು ನನ್ನಿಂದ ಎರಡು ಸಲ ಓದಿಸಿಕೊಂಡರು.

ಕೆಲವು ತಿಂಗಳಲ್ಲಿ ವೇತನ ಮಂಜೂರಾಯಿತು. ಹುಸೇನಬಿ ಮತ್ತೆ ಕಚೇರಿಗೆ ಬಂದರು, ಈ ಸಲ ಓಣಿಯ ಇನ್ನೊಬ್ಬ ವಿಧವೆಯ ಕೈಹಿಡಿದು. ನಾನು ಕಾರ್ಡು ಕೇಳಲಿಲ್ಲ. ಎದ್ದು ಚಪ್ಪಲಿ ಮೆಟ್ಟಿಕೊಂಡೆ.